ಬೀಗ, ಗ್ರಿಲ್, ತುಳಸಿ ಕುಂಡ: ಒಂದು ಮನೆಯ ಬೆಂಕಿ ಸಿದ್ಧತೆಯ ಪ್ರಕರಣ

ಈ ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಉದ್ಯೋಗ, ವಯಸ್ಸುಗಳನ್ನು ಅಲ್ಪಸ್ವಲ್ಪ ಬದಲಿಸಿದ್ದೇನೆ. ಮನೆಯ ನಕ್ಷೆಯನ್ನು ಮಾತ್ರ ಇದ್ದ ಹಾಗೆಯೇ ಇಟ್ಟಿದ್ದೇನೆ. ಅದನ್ನು ಬದಲಿಸಿದರೆ ಹೇಳುವುದಕ್ಕೆ ಏನೂ ಉಳಿಯುವುದಿಲ್ಲ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಎಲೆಕ್ಟ್ರಿಕಲ್ ವಿಭಾಗದ ಮೇಷ್ಟ್ರಾಗಿದ್ದು ನಿವೃತ್ತನಾದವನು. ಬಡಾವಣೆಯ ನಿವಾಸಿಗಳ ಸಂಘದ ಪರವಾಗಿ, ಕರೆದವರ ಮನೆಗೆ ಹೋಗಿ ಬೆಂಕಿಯ ಅಪಾಯ ಎಲ್ಲೆಲ್ಲಿದೆ ಎಂದು ನೋಡಿ ಹೇಳುತ್ತೇನೆ. ಒಂದು ಲೋಟ ಕಾಫಿ ಬಿಟ್ಟರೆ ಬೇರೆ ಸಂಭಾವನೆಯಿಲ್ಲ. ಹಾಗಾಗಿ ನನ್ನ ಮಾತನ್ನು ಕೇಳಲೇಬೇಕೆಂಬ ಕಟ್ಟುಪಾಡೂ ಯಾರಿಗೂ ಇಲ್ಲ.

ಮನೆ ಮತ್ತು ಮನೆಯವರು

ಜಿಲ್ಲಾ ಕೇಂದ್ರವೊಂದರ ಹಳೆಯ ಬಡಾವಣೆ. ಮೂವತ್ತು ನಲವತ್ತರ ನಿವೇಶನ. ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟು ಮಾಲೀಕರ ಕುಟುಂಬ ಮಹಡಿಯಲ್ಲಿ ವಾಸವಾಗಿದೆ. ಯಜಮಾನರು ಸಹಕಾರಿ ಬ್ಯಾಂಕಿನ ನೌಕರರು, ಪತ್ನಿ ಪ್ರೌಢಶಾಲೆಯ ಶಿಕ್ಷಕಿ, ಪಿಯುಸಿ ಓದುತ್ತಿದ್ದ ಮಗಳು, ಐದನೇ ತರಗತಿಯ ಮಗ, ಎಂಬತ್ತರ ಹತ್ತಿರದ ಅಜ್ಜಿ. ಅಜ್ಜಿಗೆ ಮಂಡಿನೋವು. ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಪಾದ ಊರಿ ನಿಂತು ಇಳಿಯುತ್ತಾರೆ. ಕೆಳಗೆ ಬಾಡಿಗೆಗೆ ಇದ್ದವರು ಎಳೆಯ ದಂಪತಿ, ಅವರಿಗೊಂದು ಪುಟ್ಟ ಮಗು.

ಮಹಡಿಗೆ ಹೋಗುವ ಮೆಟ್ಟಿಲು ಕಟ್ಟಡದ ಪಕ್ಕದಲ್ಲಿ, ನಾಲ್ಕೂ ಕಡೆ ಗೋಡೆ ಎಬ್ಬಿಸಿದ ಕಿರಿದಾದ ಕೊಳವೆಯಂತಿದೆ. ಕೆಳಗೆ ಕೊಲ್ಯಾಪ್ಸಿಬಲ್ ಗೇಟ್, ನಡುವೆ ಮನೆಯ ಬಾಗಿಲು, ಕೊನೆಯಲ್ಲಿ ತಾರಸಿಯ ಕಬ್ಬಿಣದ ಬಾಗಿಲು. ಮೆಟ್ಟಿಲ ಕೆಳಗಿನ ತ್ರಿಕೋನಾಕಾರದ ಜಾಗದಲ್ಲಿ ಎರಡೂ ಮನೆಗಳ ಮೀಟರ್ ಬೋರ್ಡ್, ಯುಪಿಎಸ್ ಮತ್ತು ಅದರ ಬ್ಯಾಟರಿ, ಚಪ್ಪಲಿ ಗೂಡು, ಮಾರುವುದಕ್ಕೆಂದು ಕಟ್ಟಿಟ್ಟ ಹಳೆಯ ಪತ್ರಿಕೆಗಳು, ಸುತ್ತಿಟ್ಟ ಹಾಸಿಗೆ. ಬಾಡಿಗೆದಾರರ ವಿದ್ಯುತ್ ಸ್ಕೂಟರ್ ಚಾರ್ಜ್ ಆಗುತ್ತಿದ್ದುದೂ ಅಲ್ಲಿಯೇ. ಓದುಗರು ಒಮ್ಮೆ ತಮ್ಮ ಮನೆಯ ಮೆಟ್ಟಿಲ ಕೆಳಗೆ ಇಣುಕಿ ನೋಡಿ ಬಂದರೆ ಉಳಿದ ವಿವರಣೆ ಬೇಕಾಗುವುದಿಲ್ಲ.

ಹದಿನೈದು ವರ್ಷದ ಹಿಂದೆ ಅದೇ ಬೀದಿಯ ಎರಡು ಮನೆಗಳಲ್ಲಿ ಕಳ್ಳತನವಾಗಿತ್ತು. ಅಂದಿನಿಂದ ಈ ಮನೆ ಕೋಟೆಯಾಗಿದೆ. ಎಲ್ಲ ಕಿಟಕಿಗಳಿಗೂ ಗೋಡೆಯೊಳಗೆ ಹುಗಿದ ಗ್ರಿಲ್. ಬೀದಿಗೆ ಮುಖ ಮಾಡಿದ ಬಾಲ್ಕನಿಗೂ ಕಟ್ಟೆಯಿಂದ ಸಜ್ಜದವರೆಗೆ ಕಬ್ಬಿಣದ ಪಂಜರ.

ನನ್ನನ್ನು ಕರೆದದ್ದು ಗೌರಿ-ಗಣೇಶ ಹಬ್ಬದ ಮರುವಾರ. ಹಬ್ಬದ ಹಿಂದಿನ ದಿನ ಕರ್ಜಿಕಾಯಿ ಕರಿಯುವಾಗ ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿತ್ತು. ಯಜಮಾನರು ಒಂದು ಚೊಂಬು ನೀರು ಹಿಡಿದು ಓಡಿ ಬಂದರಂತೆ. ಪತ್ನಿ ಅವರ ಕೈಯನ್ನು ಮೊಣಕೈಯಿಂದ ತಳ್ಳಿ, ಒಲೆ ಆರಿಸಿ, ಬಾಣಲೆಯ ಮೇಲೆ ದೊಡ್ಡ ತಟ್ಟೆ ಬೋರಲು ಹಾಕಿದರಂತೆ. ಆ ಚೊಂಬು ನೀರು ಬಿದ್ದಿದ್ದರೆ ಅದು ಎಣ್ಣೆಯ ಕೆಳಗಿಳಿದು, ಕ್ಷಣದಲ್ಲಿ ಆವಿಯಾಗಿ, ಉರಿಯುವ ಎಣ್ಣೆಯನ್ನು ಸೂರಿನವರೆಗೆ ಎರಚುತ್ತಿತ್ತು. ಸುಟ್ಟದ್ದು ಕಿಟಕಿಯ ಪರದೆ ಮಾತ್ರ. ಯಜಮಾನರು ಮರುದಿನವೇ ಹೋಗಿ ಒಣಪುಡಿಯ ಅಗ್ನಿಶಾಮಕ ಸಿಲಿಂಡರ್ ಒಂದನ್ನು ತಂದರು. ಅದನ್ನು ಬಳಸುವುದು ಹೇಗೆಂದು ತೋರಿಸಿಕೊಡಿ ಎಂಬುದಷ್ಟೇ ನನಗೆ ಬಂದ ಕರೆ.

ಐದು ತಡೆಗಳು

ಸಿಲಿಂಡರ್ ತೋರಿಸಿಕೊಡಲು ಐದು ನಿಮಿಷ ಸಾಕಾಯಿತು. ಪಿನ್ನು ಎಳೆಯಬೇಕು, ಕೊಳವೆಯನ್ನು ಬೆಂಕಿಯ ಬುಡಕ್ಕೆ ಹಿಡಿಯಬೇಕು, ಹಿಡಿಕೆ ಒತ್ತಬೇಕು, ಎಡಕ್ಕೂ ಬಲಕ್ಕೂ ಗುಡಿಸಿದಂತೆ ಆಡಿಸಬೇಕು. ಮೀಟರಿನ ಮುಳ್ಳು ಹಸಿರು ಭಾಗದಲ್ಲಿದೆಯೇ ಎಂದು ತಿಂಗಳಿಗೊಮ್ಮೆ ನೋಡಬೇಕು. ಅಡುಗೆಮನೆಯಲ್ಲಿ ಗ್ಯಾಸಿನ ಕೊಳವೆ ಹೊಸದೇ ಇತ್ತು, ರಾತ್ರಿ ರೆಗ್ಯುಲೇಟರ್ ಮುಚ್ಚುವ ಪದ್ಧತಿಯೂ ಇತ್ತು. ಅನಿಲದ ವಾಸನೆ ಬಂದರೆ ಸ್ವಿಚ್ ಮುಟ್ಟಬಾರದು, ಬಾಗಿಲು ಕಿಟಕಿ ತೆರೆದು ಹೊರಗೆ ಹೋಗಿ 1906ಕ್ಕೆ ಕರೆ ಮಾಡಬೇಕು ಎಂದು ಹೇಳಿದೆ. ಅಡುಗೆ ಅನಿಲ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ ಎಂಬುದು ಅಜ್ಜಿಗೆ ಬಹಳ ಹಿಡಿಸಿತು. "ಹಾಗಾದರೆ ಹಾವಿನ ಹಾಗೆ" ಎಂದರು.

ಆಮೇಲೆ ನಾನು ಅವರಿಗೆ ಒಂದು ಪ್ರಶ್ನೆ ಕೇಳಿದೆ: ರಾತ್ರಿ ಎರಡು ಗಂಟೆಗೆ ಅಜ್ಜಿ ಮಂಚದಿಂದ ಎದ್ದು ಬೀದಿಗೆ ಹೋಗಬೇಕಾದರೆ ಎಷ್ಟು ಚಿಲಕ, ಎಷ್ಟು ಬೀಗ ತೆಗೆಯಬೇಕು? ಯಾರೂ ಎಂದೂ ಲೆಕ್ಕ ಹಾಕಿರಲಿಲ್ಲ. ಮಗ ಬೆರಳು ಮಡಚಿ ಎಣಿಸಿದ. ಮನೆಯ ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ, ಒಳಗಿನಿಂದ ಹಾಕುವ ಒಂದು ಬೀಗ, ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ, ಕಾಂಪೌಂಡಿನ ಗೇಟಿಗೆ ಬೀಗ. ಒಟ್ಟು ಐದು. ಮೂರು ಬೀಗದ ಕೈಗಳೂ ಒಂದೇ ಗೊಂಚಲಿನಲ್ಲಿ, ಆ ಗೊಂಚಲು ಯಜಮಾನರ ಕೋಣೆಯ ಬೀರುವಿನಲ್ಲಿ. ತಾರಸಿ ಬಾಗಿಲಿನ ಬೀಗದ ಕೈ ಎಲ್ಲಿದೆ ಎಂದು ಆ ದಿನ ಯಾರಿಗೂ ಹೇಳಲಾಗಲಿಲ್ಲ.

ಮನೆಗೆ ಬೆಂಕಿ ಬಿದ್ದಾಗ ಜನರನ್ನು ಮೊದಲು ಹಿಡಿಯುವುದು ಜ್ವಾಲೆಯಲ್ಲ, ಹೊಗೆ. ಸೋಫಾದ ಫೋಮ್, ಪ್ಲಾಸ್ಟಿಕ್, ವೈರಿನ ಹೊದಿಕೆ ಸುಟ್ಟು ಬರುವ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರನ್ನು ಅದು ಎಬ್ಬಿಸುವುದಿಲ್ಲ, ಇನ್ನೂ ಆಳವಾಗಿ ಮಲಗಿಸುತ್ತದೆ. 2010ರ ಫೆಬ್ರುವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನ ಸತ್ತದ್ದು ನೆನಪಿರಬಹುದು. ಬೆಂಕಿ ಹತ್ತಿದ್ದು ವಿದ್ಯುತ್ ತಂತಿಗಳು ಹಾದುಹೋಗುವ ಡಕ್ಟ್‌ನಲ್ಲಿ. ಜನರನ್ನು ಸಿಕ್ಕಿಸಿದ್ದು ಮೆಟ್ಟಿಲುಗಳನ್ನು ತುಂಬಿದ ಹೊಗೆ. ಈ ಮನೆಯ ಮೆಟ್ಟಿಲೂ ಮೇಲೆ ಮುಚ್ಚಿದ ಚಿಮಣಿಯೇ. ಕೆಳಗೆ ಹತ್ತಲು ಬೇಕಾದ ಸಾಮಗ್ರಿಯೆಲ್ಲ ಸಿದ್ಧವಾಗಿತ್ತು. ಮನೆಯಿಂದ ಹೊರಗೆ ಹೋಗುವ ಒಂದೇ ದಾರಿಯೂ ಅದೇ.

ನಾನು ಹೇಳಿದ್ದು ನಾಲ್ಕು ಮಾತು. ಮೆಟ್ಟಿಲ ಕೆಳಗಿನ ಜಾಗ ಖಾಲಿ ಮಾಡಿ. ಬೀಗದ ಕೈಗಳನ್ನು ಬಾಗಿಲ ಪಕ್ಕ ತೂಗುಹಾಕಿ. ಬಾಲ್ಕನಿಯ ಗ್ರಿಲ್‌ನಲ್ಲಿ ಒಳಗಿನಿಂದ ತೆರೆಯುವ ಒಂದು ಬಾಗಿಲು ಮಾಡಿಸಿ. ಆಮೇಲೆ ಎಲ್ಲರೂ ಸೇರಿ ಒಮ್ಮೆ ಹೊರಗೆ ಓಡಿ ನೋಡಿ.

ಎರಡನೆಯದಕ್ಕೆ ಒಪ್ಪಿದರು. ಮೂರನೆಯದಕ್ಕೆ ಯಜಮಾನರ ಮುಖ ಗಂಟಾಯಿತು. "ಸರ್, ಬೆಂಕಿ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಕಳ್ಳ ಈ ಬೀದಿಗೆ ಬಂದು ಹೋಗಿದ್ದಾನೆ" ಎಂದರು. ಈ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ. ಕಂಡ ಭಯದ ಮುಂದೆ ಕಾಣದ ಭಯ ಯಾವಾಗಲೂ ಸೋಲುತ್ತದೆ. ಅವರ ಮನಸ್ಸು ಬದಲಿಸಿದ್ದು ನಾನಲ್ಲ, ಪತ್ನಿ. 2021ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಬಳಿ ಅಪಾರ್ಟ್‌ಮೆಂಟ್ ಒಂದಕ್ಕೆ ಬೆಂಕಿ ಬಿದ್ದು ತಾಯಿ-ಮಗಳು ಗ್ರಿಲ್ ಹಾಕಿದ ಬಾಲ್ಕನಿಯಿಂದ ಹೊರಬರಲಾಗದೆ ತೀರಿಕೊಂಡಿದ್ದರು. ಆ ದೃಶ್ಯವನ್ನು ಟಿವಿಯಲ್ಲಿ ನೋಡಿದ ರಾತ್ರಿ ತಾವು ಊಟ ಮಾಡಿರಲಿಲ್ಲ ಎಂದು ಆಕೆ ಹೇಳಿದರು. ಮತ್ತೆ ಏನೂ ಹೇಳಲಿಲ್ಲ. ಮುಂದಿನ ವಾರ ವೆಲ್ಡಿಂಗ್ ಅಂಗಡಿಯವನು ಅಳತೆ ತೆಗೆದುಕೊಂಡು ಹೋದ.

ಗ್ರಿಲ್ ಬಾಗಿಲಿಗೆ ಬೀಗವೋ ಚಿಲಕವೋ ಎಂಬ ಇನ್ನೊಂದು ಜಗಳ ಉಳಿದಿತ್ತು. ಬೀಗ ಹಾಕಿ ಕೈಯನ್ನು ಪಕ್ಕದಲ್ಲಿ ಇಡೋಣ ಎಂದು ಯಜಮಾನರು, ಬೀಗವೇ ಬೇಡ ಎಂದು ನಾನು. ಕೊನೆಗೆ ಆದ ರಾಜಿ: ಒಳಗಿನಿಂದ ಮಾತ್ರ ಕೈಗೆ ಸಿಗುವ ಅಗುಳಿ, ಹೊರಗಿನಿಂದ ಕೈ ತೂರದಂತೆ ಅದರ ಸುತ್ತ ಒಂದು ತಗಡಿನ ಮರೆ. ಬೀಗವಿಲ್ಲ. ಇಡೀ ಪ್ರಕರಣದಲ್ಲಿ ನಾನು ಹಟ ಹಿಡಿದು ಗೆದ್ದದ್ದು ಇದೊಂದೇ.

ಮೊದಲ ಅಭ್ಯಾಸ

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ. ಎಲ್ಲರೂ ಅವರವರ ಕೋಣೆಯಲ್ಲಿ ಮಲಗಿರಬೇಕು, ನಾನು ತಟ್ಟೆ ಬಡಿದಾಗ ಎದ್ದು ಬೀದಿಯ ಹೊಂಗೆಮರದ ಕೆಳಗೆ ಸೇರಬೇಕು. ಐದೂ ಜನ ಅಲ್ಲಿ ನಿಲ್ಲುವಷ್ಟರಲ್ಲಿ ನಾಲ್ಕು ನಿಮಿಷ ನಲವತ್ತು ಸೆಕೆಂಡು ಕಳೆದಿತ್ತು. ಹಾಡುಹಗಲು, ಹೊಗೆಯಿಲ್ಲ, ಕರೆಂಟ್ ಇದೆ, ಹೀಗೆ ಆಗುತ್ತದೆಂದು ಎಲ್ಲರಿಗೂ ಮೊದಲೇ ಗೊತ್ತಿದೆ. ಆದರೂ ಅಷ್ಟು ಹೊತ್ತು.

ಎಲ್ಲಿ ಹೋಯಿತು ಆ ಸಮಯ? ಬೀಗದ ಕೈ ಬಾಗಿಲ ಪಕ್ಕದ ಮೊಳೆಯಲ್ಲಿರಲಿಲ್ಲ; ಬೆಳಿಗ್ಗೆ ತರಕಾರಿಗೆ ಹೋಗಿದ್ದ ಯಜಮಾನರ ಅಂಗಿಯ ಜೇಬಿನಲ್ಲಿತ್ತು. ಮಗ ತಟ್ಟೆಯ ಸದ್ದಿಗೆ ಆಟದಂತೆ ಮಂಚದ ಕೆಳಗೆ ಸೇರಿಕೊಂಡ. ಹೆದರಿದ ಮಕ್ಕಳು ನಿಜವಾದ ಬೆಂಕಿಯಲ್ಲೂ ಇದನ್ನೇ ಮಾಡುತ್ತಾರೆ. ಮಂಚದ ಕೆಳಗೆ, ಬೀರುವಿನೊಳಗೆ ಅಡಗುತ್ತಾರೆ, ಕೂಗಿದರೂ ಉತ್ತರ ಕೊಡುವುದಿಲ್ಲ. ಅಜ್ಜಿ ಎದ್ದವರು ಬಾಗಿಲಿನ ಕಡೆ ಬರಲೇ ಇಲ್ಲ. ದೇವರ ಕೋಣೆಗೆ ಹೋಗಿ ದೀಪ ಶಾಂತ ಮಾಡಿ, ಕೋಣೆಗೆ ಹಿಂದಿರುಗಿ ಟ್ರಂಕು ಎಳೆದು, ಅದರಿಂದ ಒಂದು ಬಟ್ಟೆಯ ಗಂಟು ತೆಗೆದುಕೊಂಡು ಹೊರಟರು. ಮನೆಯ ಪತ್ರಗಳು, ತೀರಿಹೋದ ತಮ್ಮ ಪತಿಯ ಒಂದು ಫೋಟೊ.

ಆ ಗಂಟಿನ ವಿಷಯದಲ್ಲಿ ಮಗ-ಸೊಸೆ ಇಬ್ಬರೂ ಅಜ್ಜಿಯ ಮೇಲೆ ರೇಗಿದರು. ನಾನು ರೇಗಬೇಡಿ ಎಂದೆ. "ಏನನ್ನೂ ತೆಗೆದುಕೊಳ್ಳಬೇಡಿ, ಜೀವ ಮುಖ್ಯ" ಎಂಬ ಮಾತು ಸರಿ, ಆದರೆ ಆಕೆಗೆ ಆ ಗಂಟು ಜೀವದ ಲೆಕ್ಕದಲ್ಲೇ ಬರುತ್ತದೆ. ಮುಂದಿನ ವಾರ ಪತ್ರಗಳು ಬ್ಯಾಂಕಿನ ಲಾಕರ್ ಸೇರಿದವು. ಫೋಟೊವನ್ನು ಮೊಮ್ಮಗಳು ಸ್ಕ್ಯಾನ್ ಮಾಡಿಸಿ, ಮೂಲವನ್ನು ಅಜ್ಜಿಯ ಮಗಳ ಮನೆಗೆ ಕಳುಹಿಸಿದಳು. ಟ್ರಂಕಿನಲ್ಲಿ ಆಮೇಲೆ ಉಳಿದದ್ದು ಸೀರೆಗಳು. ಎರಡನೇ ಅಭ್ಯಾಸದಲ್ಲಿ ಅಜ್ಜಿ ಟ್ರಂಕಿನ ಕಡೆ ತಿರುಗಿಯೂ ನೋಡಲಿಲ್ಲ.

ಅಜ್ಜಿಯನ್ನು ಹೊರಗೆ ತರುವುದು ಹೇಗೆ ಎಂಬುದು ಬೇರೆಯೇ ಪ್ರಶ್ನೆ. ಜಮಖಾನದ ಮೇಲೆ ಮಲಗಿಸಿ ನೆಲದ ಮೇಲೆ ಎಳೆದುಕೊಂಡು ಹೋಗುವುದು ಒಬ್ಬರೇ ಮಾಡಬಹುದಾದ ಉಪಾಯ. ಹೊಗೆ ಮೇಲಿರುವುದರಿಂದ ನೆಲಮಟ್ಟದಲ್ಲಿ ಉಸಿರೂ ಸಿಗುತ್ತದೆ. ಮಾಡಿ ತೋರಿಸೋಣ ಎಂದು ಜಮಖಾನ ಹಾಸಿದೆ. ಅಜ್ಜಿ ಅದನ್ನು ನೋಡಿ, ನನ್ನನ್ನು ನೋಡಿ, "ಮೇಷ್ಟ್ರೇ, ಬದುಕಿರುವಾಗಲೇ ಹೆಣದ ಹಾಗೆ ಎಳೆಸುತ್ತೀರಾ?" ಎಂದರು. ಜಮಖಾನ ಮಡಚಿಟ್ಟೆ.

ಈ ಪ್ರಕರಣ ತಿರುಗಿದ್ದು ಇಲ್ಲಿ ಎಂದು ನನಗೆ ಈಗ ಅನಿಸುತ್ತದೆ. ಅಜ್ಜಿಯನ್ನು ಬಾಗಿಲಿನ ಹತ್ತಿರ ತರುವುದು ಹೇಗೆಂದು ಯೋಚಿಸುತ್ತಿದ್ದ ನಾವು, ಅವರು ಮಲಗುವ ಜಾಗವನ್ನೇ ಬದಲಿಸಿದರೆ ಹೇಗೆಂದು ಯೋಚಿಸತೊಡಗಿದೆವು. ಅಜ್ಜಿಯ ಕೋಣೆ ಮನೆಯ ಹಿಂಭಾಗದಲ್ಲಿ, ಬಚ್ಚಲಿಗೆ ಹತ್ತಿರವಾಗಲಿ ಎಂದು. ಬಾಲ್ಕನಿಯಿರುವ ಮುಂದಿನ ಕೋಣೆ ಮೊಮ್ಮಗಳದು, ಓದುವುದಕ್ಕೆ ಗಾಳಿ ಬೆಳಕಿರಲಿ ಎಂದು. ಅದಲು ಬದಲು ಮಾಡುವುದಕ್ಕೆ ಮೂರು ವಾರ ಹಿಡಿಯಿತು. ಮೊಮ್ಮಗಳು ಪರೀಕ್ಷೆಯ ನೆಪ ಹೇಳಿದಳು. ಅಜ್ಜಿ ಬೀದಿಯ ಗಲಾಟೆಯ ನೆಪ ಹೇಳಿದರು. ಕೊನೆಗೆ ಹಾದಿಯಲ್ಲಿ ರಾತ್ರಿದೀಪ, ಬಚ್ಚಲಿಗೆ ಹಿಡಿಕಂಬಿ ಎಂಬ ಷರತ್ತಿನ ಮೇಲೆ ಅಜ್ಜಿ ಬಂದರು. ಬರುವಾಗ ತಾರಸಿಯಲ್ಲಿದ್ದ ತಮ್ಮ ತುಳಸಿ ಕುಂಡವನ್ನೂ ತರಿಸಿಕೊಂಡರು. ಗ್ರಿಲ್ ಬಾಗಿಲಿನ ಹೊರಗೆ ವೆಲ್ಡಿಂಗ್ ಅಂಗಡಿಯವನು ಹೂಕುಂಡಕ್ಕೆಂದು ಒಂದು ಕಬ್ಬಿಣದ ಚೌಕಟ್ಟು ಕೂಡಿಸಿದ್ದ. ತುಳಸಿ ಅಲ್ಲಿ ಕುಳಿತಿತು. ದಾರಿಗೆ ಅಡ್ಡವಾಗುತ್ತದಲ್ಲ ಎಂದು ನಾನು ಗೊಣಗಿದ್ದೆ. ನೀರೆರೆಯಬೇಕಾದರೆ ಆ ಬಾಗಿಲು ತೆರೆಯಲೇಬೇಕು.

ಎಚ್ಚರಿಕೆಯ ಗಂಟೆಯ ಗಡಿಪಾರು

ಹೊಗೆ ಕಂಡರೆ ಕಿರುಚುವ, ಬ್ಯಾಟರಿಯಿಂದ ನಡೆಯುವ ಎರಡು ಅಲಾರ್ಮ್ ತರಿಸಿದರು. ಒಂದನ್ನು ಕೋಣೆಗಳ ನಡುವಿನ ಹಾದಿಯ ಸೂರಿಗೆ ಹಾಕಿದೆವು. ಇನ್ನೊಂದನ್ನು ಯಜಮಾನರು ನನ್ನನ್ನು ಕೇಳದೆ ಅಡುಗೆಮನೆಗೆ ಹಾಕಿದರು. ಬೆಂಕಿ ಹತ್ತಿದ್ದು ಅಲ್ಲಿಯೇ ಅಲ್ಲವೇ ಎಂಬ ತರ್ಕ. ಒಣಮೆಣಸಿನಕಾಯಿಯ ಒಗ್ಗರಣೆ ಬಿದ್ದಾಗಲೆಲ್ಲ ಅದು ಬಡಾವಣೆಗೇ ಕೇಳುವಂತೆ ಕೂಗಿತು. ಮೂರನೇ ದಿನ ಮನೆಯಾಕೆ ಅದರ ಬ್ಯಾಟರಿ ಕಿತ್ತು ಟಿವಿ ರಿಮೋಟಿಗೆ ಹಾಕಿದರು. ನನಗೆ ಗೊತ್ತಾದದ್ದು ತಿಂಗಳ ಮೇಲೆ. ಕರ್ನಾಟಕದ ಅಡುಗೆಮನೆಯಲ್ಲಿ ಹೊಗೆಯ ಅಲಾರ್ಮ್ ಬದುಕುವುದಿಲ್ಲ, ಇದು ನಿಶ್ಚಯ. ಬ್ಯಾಟರಿ ಹಾಕಿಸಿ ಅದನ್ನು ಮೆಟ್ಟಿಲಿನ ಸೂರಿಗೆ, ಮನೆಯ ಬಾಗಿಲಿನ ಹೊರಗೆ ಹಾಕಿಸಿದೆ. "ಅಲ್ಲಿ ಯಾರು ಮಲಗುತ್ತಾರೆ ಸರ್?" ಎಂದು ಯಜಮಾನರು ನಕ್ಕರು.

ಡಿಸೆಂಬರಿನಲ್ಲಿ ರಾತ್ರಿ ಹತ್ತಕ್ಕೆ, ದೀಪ ಆರಿಸಿ, ಎರಡನೇ ಅಭ್ಯಾಸ. ಒಂದು ನಿಮಿಷ ಐವತ್ತು ಸೆಕೆಂಡು. ಅದೇ ರಾತ್ರಿ ಇನ್ನೊಂದು ಪಾಠವನ್ನೂ ಆಡಿದೆವು: ಮೆಟ್ಟಿಲಲ್ಲಿ ಹೊಗೆಯಿದ್ದರೆ ಏನು? ಆಗ ಮನೆಯ ಬಾಗಿಲು ತೆರೆಯಬಾರದು. ಎಲ್ಲರೂ ಅಜ್ಜಿಯ ಕೋಣೆಗೆ ಬಂದು, ಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, ಗ್ರಿಲ್ ತೆರೆದು, 112ಕ್ಕೋ 101ಕ್ಕೋ ಕರೆ ಮಾಡಿ, ಬೀದಿಗೆ ಕೂಗಬೇಕು. ಬಾಗಿಲನ್ನು ಕೈಯ ಹಿಂಬದಿಯಿಂದ ಮುಟ್ಟಿ ಬಿಸಿಯಿದೆಯೇ ನೋಡಬೇಕು ಎಂಬುದನ್ನು ಮಗ ಹತ್ತು ಸಲ ಮಾಡಿ ತೋರಿಸಿದ.

ಮೆಟ್ಟಿಲ ಕೆಳಗಿನ ಜಾಗದ ಕಥೆ ಅರ್ಧಕ್ಕೆ ನಿಂತಿತು. ಸ್ಕೂಟರ್ ಚಾರ್ಜಿಂಗ್ ಅಂಗಳಕ್ಕೆ ಹೋಯಿತು. ಹಾಸಿಗೆ ಹೋಯಿತು. ಪತ್ರಿಕೆ, ಚಪ್ಪಲಿ ಗೂಡು, ಯುಪಿಎಸ್ ಉಳಿದವು. ಮೆಟ್ಟಿಲಿನ ಬಲ್ಬು ಆಗಾಗ ಮಿಣುಕುತ್ತದೆ ಎಂದು ಮಗಳು ಹೇಳಿದ್ದಳು. "ಎಲೆಕ್ಟ್ರಿಷಿಯನ್ ಕರೆಸಿ" ಎಂದು ಹೇಳಿದ ನಾನು ಮತ್ತೆ ಕೇಳಲಿಲ್ಲ.

ಆ ರಾತ್ರಿ

ಏಪ್ರಿಲ್. ಸಂಜೆ ಗುಡುಗು ಮಳೆಗೆ ಹೋದ ಕರೆಂಟು ಮಧ್ಯರಾತ್ರಿಯ ನಂತರ ಬಂತು. ಮಹಡಿಯಲ್ಲಿ ಗೀಸರ್, ಫ್ಯಾನ್, ಫ್ರಿಜ್, ಬರಿದಾಗಿದ್ದ ಬ್ಯಾಟರಿಯನ್ನು ತುಂಬಿಸತೊಡಗಿದ ಯುಪಿಎಸ್, ಎಲ್ಲವೂ ಒಟ್ಟಿಗೆ ಎದ್ದವು. ಎರಡು ಗಂಟೆ ದಾಟಿದ ಮೇಲೆ ಮೆಟ್ಟಿಲಿನ ಅಲಾರ್ಮ್ ಕೂಗಿತು. ಮುಚ್ಚಿದ ಬಾಗಿಲಿನಾಚೆಯ ಸದ್ದಿಗೆ ಮೊದಲು ಎದ್ದವರು ಮನೆಯಾಕೆ. ಮನೆಯೊಳಗೆ ಆಗ ಹೊಗೆಯ ವಾಸನೆಯೂ ಇರಲಿಲ್ಲವಂತೆ.

ಯಜಮಾನರು ಎದ್ದವರೇ ಅಡುಗೆಮನೆಗೆ ಹೋಗಿ ಅಗ್ನಿಶಾಮಕ ಸಿಲಿಂಡರ್ ಎತ್ತಿಕೊಂಡು, ಮೊಳೆಯಿಂದ ಬೀಗದ ಕೈ ತೆಗೆದುಕೊಂಡು, ಮನೆಯ ಬಾಗಿಲು ತೆರೆದರು. ಕಲಿತದ್ದಕ್ಕೆ ಪೂರ್ತಿ ವಿರುದ್ಧ. ಕಪ್ಪು ಹೊಗೆ ಎದೆಯ ಮೇಲೆ ಬಿದ್ದಂತೆ ಒಳಗೆ ನುಗ್ಗಿತು. ಎರಡು ಉಸಿರು ಎಳೆದುಕೊಂಡದ್ದಷ್ಟೇ ನೆನಪು ಎನ್ನುತ್ತಾರೆ. ಮಗಳು ಹಿಂದಿನಿಂದ ಅವರ ಬನಿಯನ್ ಹಿಡಿದು ಎಳೆದು, ಬಾಗಿಲನ್ನು ಕಾಲಿನಿಂದ ಒದ್ದು ಮುಚ್ಚಿದಳು. ಮೇಲಿನ ಚಿಲಕ ಹಾಕಲು ಹೋದ ಅವರ ಎರಡು ಬೆರಳು ಬಾಗಿಲ ಸಂದಿಗೆ ಸಿಕ್ಕಿ ಜಜ್ಜಿದವು. ಅಷ್ಟರಲ್ಲಿ ಹಾದಿಯ ಅಲಾರ್ಮ್ ಕೂಡ ಶುರುವಾಗಿತ್ತು.

ತಾಯಿ ಮಗನ ಮಂಚದ ಕೆಳಗೆ ಮೊದಲು ಕೈ ಹಾಕಿ ನೋಡಿದರು. ಅವನು ಅಲ್ಲಿರಲಿಲ್ಲ; ಆಗಲೇ ಅಜ್ಜಿಯ ಕೋಣೆಯಲ್ಲಿದ್ದ. ಅಜ್ಜಿ ಮಂಚದಿಂದ ಎದ್ದು ನಾಲ್ಕು ಹೆಜ್ಜೆ ನಡೆದು ಬಾಲ್ಕನಿಯಲ್ಲಿ ನಿಂತು ಅಗುಳಿ ತೆಗೆದು ಗ್ರಿಲ್ ಬಾಗಿಲು ತೆರೆದಾಗಿತ್ತು. ಕತ್ತಲಲ್ಲಿ, ಕನ್ನಡಕವಿಲ್ಲದೆ. ಐದು ತಿಂಗಳು ದಿನಾ ಬೆಳಿಗ್ಗೆ ತುಳಸಿಗೆ ನೀರೆರೆಯಲು ತೆರೆದ ಬಾಗಿಲು. ಮಳೆಗೆ ತುಕ್ಕು ಹಿಡಿದು, ಬಣ್ಣ ಕಚ್ಚಿಕೊಂಡು ಆ ಅಗುಳಿ ಜಡವಾಗಬಹುದು ಎಂದು ನಾನು ಯೋಚಿಸಿರಲೇ ಇಲ್ಲ. ಅದು ಜಡವಾಗಲು ಅಜ್ಜಿ ಬಿಟ್ಟಿರಲಿಲ್ಲ.

ಬಾಗಿಲ ಸಂದಿಗೆ ಒದ್ದೆ ಟವೆಲ್. ಮೊಬೈಲಿನ ದಾಖಲೆಯಂತೆ 112ಕ್ಕೆ ಕರೆ ಹೋದದ್ದು 2 ಗಂಟೆ 14 ನಿಮಿಷಕ್ಕೆ. ಕೆಳಗಿನ ಮನೆಯವರು ತಮ್ಮದೇ ಮುಂಬಾಗಿಲಿನಿಂದ ಮಗುವನ್ನೆತ್ತಿಕೊಂಡು ಹೊರಗೆ ಬಂದಿದ್ದರು. ಬಾಡಿಗೆಯ ಹುಡುಗ ಒಳ್ಳೆಯ ಮನಸ್ಸಿನಿಂದಲೇ ಒಂದು ಬಕೆಟ್ ನೀರು ತುಂಬಿಕೊಂಡು ಮೆಟ್ಟಿಲ ಕೆಳಗೆ ಓಡಿದ. "ಅಣ್ಣಾ, ಕರೆಂಟ್ ಇದೆ, ನೀರು ಹಾಕಬೇಡಿ!" ಎಂದು ಮಗಳು ಮೇಲಿನಿಂದ ಕಿರುಚಿದಳು. ಅವನು ನಿಂತ. ಉರಿಯುತ್ತಿದ್ದ ಬೋರ್ಡಿಗೆ ಹಾಕಬಹುದಾಗಿದ್ದ ಒಣಪುಡಿಯ ಸಿಲಿಂಡರ್ ಮುಚ್ಚಿದ ಬಾಗಿಲಿನೊಳಗೆ, ಮಹಡಿಯ ಹಾದಿಯಲ್ಲಿ ಬಿದ್ದಿತ್ತು.

ಅಗ್ನಿಶಾಮಕ ವಾಹನ 2.31ಕ್ಕೆ ಬಂತು. ಸಿಬ್ಬಂದಿ ಮೊದಲು ಒಣಪುಡಿ ಹಾಕಿದರು. ಲೈನ್‌ಮ್ಯಾನ್ ಕಂಬದಲ್ಲಿ ಸಂಪರ್ಕ ತಪ್ಪಿಸಿದ ಮೇಲೆ ನೀರು. ಜ್ವಾಲೆ ಅಷ್ಟೇನೂ ದೊಡ್ಡದಿರಲಿಲ್ಲ: ಒಂದು ಬೋರ್ಡು, ಒಂದು ಯುಪಿಎಸ್, ಪತ್ರಿಕೆಯ ಕಟ್ಟು, ಇಪ್ಪತ್ತು ಜೊತೆ ಚಪ್ಪಲಿ. ಮೆಟ್ಟಿಲಿನ ಗೋಡೆ ಮಾತ್ರ ಮೇಲಿನಿಂದ ಕೆಳಗಿನವರೆಗೂ ಡಾಂಬರು ಬಳಿದಂತಾಗಿತ್ತು. ಬೆಂಕಿ ಆರಿ, ತಾರಸಿಯ ಬೀಗ ಮುರಿದು ಹೊಗೆ ಬಿಟ್ಟ ಮೇಲೆ ಅಜ್ಜಿ ಒಬ್ಬ ಸಿಬ್ಬಂದಿಯ ತೋಳು ಹಿಡಿದು ತಮ್ಮದೇ ಗತಿಯಲ್ಲಿ, ಮೆಟ್ಟಿಲಿಗೆ ಎರಡು ಪಾದ ಊರುತ್ತಾ ಇಳಿದರು. ಕೆಳಗೆ ಬಂದು ಕೇಳಿದ್ದು ಚಪ್ಪಲಿಯನ್ನು.

ಯಜಮಾನರನ್ನು ಹೊಗೆಯ ಕಾರಣಕ್ಕೆ ಒಂದು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಬಿಸಿ ಗೇಟನ್ನು ಮುಟ್ಟಿದ ಬಾಡಿಗೆಯ ಹುಡುಗನ ಅಂಗೈ ಸುಟ್ಟಿತ್ತು. ನೆರೆಯವರೊಬ್ಬರು ಟೂತ್‌ಪೇಸ್ಟ್ ತಂದರು, ಇನ್ನೊಬ್ಬರು ಅರಿಸಿನ. ಮನೆಯಾಕೆ ಇಬ್ಬರನ್ನೂ ತಡೆದು ಅವನ ಕೈಯನ್ನು ಪಕ್ಕದ ಮನೆಯ ನಲ್ಲಿಯ ಕೆಳಗೆ ಇಪ್ಪತ್ತು ನಿಮಿಷ ಹಿಡಿಸಿದರು.

ಕೂತು ನೋಡಿದಾಗ

ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ: ಶಾರ್ಟ್ ಸರ್ಕಿಟ್. ನಮ್ಮಲ್ಲಿ ಎಲ್ಲ ಬೆಂಕಿಗೂ ಅದೊಂದೇ ಹೆಸರು. ಬೋರ್ಡಿನ ಅವಶೇಷ ನೋಡಿದಾಗ ನನಗೆ ಕಂಡದ್ದು ಬೇರೆ. ಹಳೆಯ ಪಿಂಗಾಣಿ ಫ್ಯೂಸಿನ ತುದಿಯಲ್ಲಿ ತಂತಿ ಸಡಿಲಗೊಂಡಿತ್ತು. ಆ ತುದಿಯ ತಾಮ್ರ ಕರಗಿ ಮಣಿಯಾಗಿತ್ತು. ಸಡಿಲ ಜೋಡಣೆಯಲ್ಲಿ ಪ್ರವಾಹ ಹೆಚ್ಚುವುದಿಲ್ಲ, ರೋಧ ಹೆಚ್ಚುತ್ತದೆ, ಅಲ್ಲೇ ಶಾಖ ಹುಟ್ಟುತ್ತದೆ. ಪ್ರವಾಹ ಮಿತಿಯೊಳಗೇ ಇರುವುದರಿಂದ ಫ್ಯೂಸ್ ಹೋಗುವುದಿಲ್ಲ, ಪ್ರವಾಹ ಮಿತಿಮೀರಿದರೆ ತಾನೇ ಆರುವ ಸ್ವಿಚ್, ಅಂದರೆ ಒಳಗಿನ ಎಂಸಿಬಿಯೂ ಬೀಳುವುದಿಲ್ಲ. ಮುನ್ಸೂಚನೆ ಕೊಡುವುದು ಮಿಣುಕುವ ಬಲ್ಬು, ಬೆಚ್ಚಗಾದ ಬೋರ್ಡು, ಸುಟ್ಟ ಪ್ಲಾಸ್ಟಿಕ್ಕಿನ ಸಣ್ಣ ವಾಸನೆ. ಇದನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಹಲಗೆಯ ಮೇಲೆ ಬರೆದಿದ್ದೇನೆ. ಬಲ್ಬು ಮಿಣುಕುತ್ತದೆ ಎಂದು ಹದಿನೇಳರ ಹುಡುಗಿ ಬಾಯಿಬಿಟ್ಟು ಹೇಳಿದಾಗ ನಾನು ಗ್ರಿಲ್‌ನ ಅಳತೆ ನೋಡುತ್ತಿದ್ದೆ. ಮುಖ್ಯ ಸ್ವಿಚ್ ಆರಿಸಿದರೂ ಯುಪಿಎಸ್‌ನಿಂದ ಹೋಗುವ ತಂತಿಗಳಲ್ಲಿ ಕರೆಂಟ್ ಉಳಿದಿರುತ್ತದೆ ಎಂಬುದನ್ನೂ ಆ ಮನೆಯವರಿಗೆ ನಾನು ಹೇಳಿರಲಿಲ್ಲ. ನನ್ನ ಪಾಠದ ವಿಷಯವೊಂದನ್ನು ಬಿಟ್ಟು ಉಳಿದೆಲ್ಲ ಅವರಿಗೆ ಕಲಿಸಿದ್ದೆ.

ಎರಡನೇ ತಪ್ಪೂ ನನ್ನದೇ. ಕೆಳಗಿನ ಮನೆಯವರನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಸ್ಕೂಟರ್ ತೆಗೆಯಿರಿ ಎಂದು ಹೇಳಿಸಿದ್ದು ಬಿಟ್ಟರೆ ಅವರೊಂದಿಗೆ ಮಾತೇ ಆಡಿರಲಿಲ್ಲ. ಮಾಲೀಕರು-ಬಾಡಿಗೆದಾರರು ಎಂಬ ಗೆರೆ ನಕ್ಷೆಯಲ್ಲೂ ಎಳೆದಿದ್ದೆ. ಬೆಂಕಿ ಹತ್ತಿದ ಜಾಗದಿಂದ ಹತ್ತು ಅಡಿ ದೂರದಲ್ಲಿ ಗಟ್ಟಿಮುಟ್ಟಾದ ಒಬ್ಬ ಯುವಕ ಬಕೆಟ್ ಹಿಡಿದು ನಿಂತಿದ್ದ, ಅವನ ಕೈಯಲ್ಲಿ ಇರಬೇಕಾದ ಸಿಲಿಂಡರ್ ಮಹಡಿಯಲ್ಲಿತ್ತು.

ಯಜಮಾನರು ಬಾಗಿಲು ತೆರೆದದ್ದನ್ನು ನಾನು ಅವರ ತಪ್ಪೆಂದು ಬರೆಯಲಾರೆ. ಎರಡು ಅಭ್ಯಾಸದಲ್ಲೂ ಅವರು ಕೈಯಲ್ಲಿ ಗಡಿಯಾರ ಹಿಡಿದು ನನ್ನ ಪಕ್ಕದಲ್ಲಿ ನಿಂತು ಉಳಿದವರನ್ನು ಓಡಿಸಿದ್ದರು. ಮೊದಲ ಸಲ ಬೀಗ ತೆಗೆದದ್ದು ಬಿಟ್ಟರೆ ತಾವು ಏನನ್ನೂ ಆಡಿ ನೋಡಿರಲಿಲ್ಲ. ಬಾಗಿಲು ಮುಟ್ಟಿ ನೋಡುವ ಪಾಠವನ್ನು ಹತ್ತು ಸಲ ಮಾಡಿದ್ದ ಹುಡುಗ ಆ ರಾತ್ರಿ ಯಾರೂ ಹೇಳದೆ ಸರಿಯಾದ ಕೋಣೆಗೆ ನಡೆದ. ನೋಡುತ್ತಾ ನಿಂತಿದ್ದವರ ಕೈ ಸಿಲಿಂಡರಿಗೆ ಹೋಯಿತು.

ಗ್ರಿಲ್ ಬಾಗಿಲಿನ ಮೂಲಕ ಆ ರಾತ್ರಿ ಯಾರೂ ಕೆಳಗೆ ಇಳಿಯಲಿಲ್ಲ. ಹಾಗಾದರೆ ಅದರಿಂದ ಏನು ಪ್ರಯೋಜನವಾಯಿತು ಎಂದು ಸಂಘದ ಸಭೆಯಲ್ಲಿ ಒಬ್ಬರು ಕೇಳಿದರು. ನೆರೆಯವರು ಅಲ್ಲಿಗೆ ಏಣಿ ಒರಗಿಸಿ ನಿಂತಿದ್ದರು. ಕೋಣೆಯ ಬಾಗಿಲು ಹೊಗೆಯನ್ನು ತಡೆಯದಿದ್ದರೆ ಮೊದಲು ಮಗ, ಆಮೇಲೆ ಅಜ್ಜಿ ಎಂದು ಮನೆಯಾಕೆ ತೀರ್ಮಾನಿಸಿಯೂ ಆಗಿತ್ತು. ದಾರಿಯಿದೆ ಎಂದು ಗೊತ್ತಿದ್ದದ್ದರಿಂದಲೇ ಹದಿನೇಳು ನಿಮಿಷ ಎಲ್ಲರೂ ಒಂದೇ ಕಡೆ ನಿಂತಿರಲು ಸಾಧ್ಯವಾಯಿತು ಎಂದು ಆಕೆ ಹೇಳಿದರು. ಪಂಜರದ ಒಳಗೆ ಅಷ್ಟು ಹೊತ್ತು ಯಾರೂ ಸುಮ್ಮನೆ ನಿಲ್ಲುವುದಿಲ್ಲ. ಮೆಟ್ಟಿಲಿನ ಕಡೆಗೇ ಓಡುತ್ತಾರೆ.

ಈಗ ಮೆಟ್ಟಿಲ ಕೆಳಗೆ ಹೊಸ ಬೋರ್ಡು, ಎಂಸಿಬಿ, ಕರೆಂಟ್ ಸೋರಿದರೆ ತಾನೇ ಆರುವ ಆರ್‌ಸಿಸಿಬಿ. ಯುಪಿಎಸ್ ಬಾಲ್ಕನಿಯಿಂದ ದೂರದ, ಗಾಳಿಯಾಡುವ ಸರ್ವಿಸ್ ಜಾಗಕ್ಕೆ ಹೋಗಿದೆ. ಕೆಳಗಿನ ಮನೆಯ ಬಾಗಿಲ ಬಳಿಯೂ ಒಂದು ಅಗ್ನಿಶಾಮಕ ಸಿಲಿಂಡರ್ ಇದೆ. ತಾರಸಿಯ ಬಾಗಿಲಿಗೆ ಬೀಗದ ಬದಲು ಒಳಗಿನ ಚಿಲಕ. ಉಳಿದ ಕಿಟಕಿಗಳ ಗ್ರಿಲ್ ಹಾಗೆಯೇ ಇವೆ. ಯಜಮಾನರು ಇನ್ನೂ ಒಪ್ಪಿಲ್ಲ.

ಕಳೆದ ಆಷಾಢದಲ್ಲಿ ಮೂರನೇ ಅಭ್ಯಾಸಕ್ಕೆ ಹೋಗಿದ್ದೆ. ಈ ಸಲ ಬಾಡಿಗೆಯವರೂ ಸೇರಿದ್ದರು, ಗಡಿಯಾರ ಮಗನ ಕೈಯಲ್ಲಿತ್ತು, ಯಜಮಾನರು ಎಲ್ಲರಂತೆ ಮಂಚದ ಮೇಲೆ ಮಲಗಿದ್ದರು. ಜಡಿಮಳೆ. ಒಳಗೆ ಕಾಲಿಡುವಾಗ ನೋಡಿದರೆ ಸ್ಕೂಟರ್ ಮತ್ತೆ ಮೆಟ್ಟಿಲ ಕೆಳಗೆ ನಿಂತಿದೆ. ನಾನು ಅದನ್ನೇ ನೋಡುತ್ತಿರುವುದನ್ನು ಕಂಡ ಬಾಡಿಗೆಯ ಹುಡುಗ ಚಾರ್ಜರಿನ ಪ್ಲಗ್ಗನ್ನು ಎತ್ತಿ ತೋರಿಸಿ, "ಹಾಕಿಲ್ಲ ಸರ್, ಮಳೆ ಅಂತ ನಿಲ್ಲಿಸಿದ್ದೇನೆ ಅಷ್ಟೇ" ಎಂದ. ಮೇಲಿನಿಂದ ಅಜ್ಜಿ ಕೂಗಿದರು: "ಮೇಷ್ಟ್ರೇ, ಅದನ್ನು ತೆಗೆಸಿಯೇ ಮೇಲೆ ಬನ್ನಿ."